ಬೆನ್ನ ಮೇಲಿನ ಹದಿನೇಳು ಹೊಲಿಗೆ

ಕಾಪಾವನ್ನು ನೀರಿಗೆ ಹಾಕುವ ಹಾಗಿಲ್ಲ. ಒಗೆದರೆ ಕಾಲೇಜಿನ ದಿನಗಳೇ ಒಗೆದುಹೋಗುತ್ತವೆ ಅನ್ನುವುದು ಹಿಂದಿನಿಂದ ಬಂದ ಮಾತು. ಬಿಸಿಲಿಗೆ ಹರವಿ, ಬ್ರಷ್ಷಿನಲ್ಲಿ ಧೂಳು ಕೊಡವಬೇಕು, ಅಷ್ಟೆ.

ಶನಿವಾರ ಬೆಳಗ್ಗೆ ಬೆನೆದಿತಾ ಅದನ್ನೇ ಮಾಡುತ್ತಿದ್ದಳು. ಕೊಯಿಂಬ್ರಾದ ಮೇಲೂರಿನ ಇಕ್ಕಟ್ಟು ಓಣಿಯಲ್ಲಿ, ಅಗ್ಗದ ವಸತಿಗೃಹವೊಂದರ ಮೊದಲ ಮಹಡಿಯ ಕಿಟಕಿಗೆ ಕಾಲೇಜು ವಿದ್ಯಾರ್ಥಿಗಳು ಹೊದೆಯುವ ಆ ಉದ್ದನೆಯ ಕಪ್ಪು ಉಣ್ಣೆಯ ಹೊದಿಕೆಯನ್ನು ಇಳಿಬಿಟ್ಟು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಉಜ್ಜುತ್ತಿದ್ದಳು. ಹಿಂದೆ ಕೋಣೆಯಲ್ಲಿ ಗೆಳತಿ ಇರಿಯಾ ಒಂದು ಕಾಲುಚೀಲ ಸಿಗದೆ ಇಡೀ ಪೋರ್ಚುಗಲ್ಲಿಗೇ ಶಾಪ ಹಾಕುತ್ತಿದ್ದಳು.

"ಮಗು..."

ಕೆಳಗಿನಿಂದ ಯಾರೋ ಕರೆದ ಹಾಗಾಯಿತು. ಬ್ರಷ್ಷು ನಿಂತಿತು.

ಬಗ್ಗಿ ನೋಡಿದಳು. ಓಣಿಯ ನಡುವೆ ಒಬ್ಬರು ನಿಂತಿದ್ದರು. ಐವತ್ತರ ಹತ್ತಿರದ ವಯಸ್ಸು, ನರೆತ ಗಡ್ಡ, ಕಂಕುಳಲ್ಲಿ ಕಾಗದ ಸುತ್ತಿದ ಜೋಳದ ಬ್ರೆಡ್ಡು. ಬ್ರೆಡ್ಡಿನ ಒಂದು ಮೂಲೆ ಆಗಲೇ ಮುರಿದಿತ್ತು. ಅವರ ಕಣ್ಣು ಅವಳ ಮೇಲಿರಲಿಲ್ಲ. ಕಿಟಕಿಯಿಂದ ಇಳಿಬಿದ್ದ ಕಾಪಾದ ಮೇಲಿತ್ತು.

"ಧೂಳು ಬಿತ್ತಾ ಸರ್? ನೋಡ್ಲಿಲ್ಲ, ಕ್ಷಮಿಸಿ."

"ಇಲ್ಲ, ಇಲ್ಲ... ಆ ಕಾಪಾ ನಿಂದಾ?"

"ನಮ್ಮಮ್ಮಂದು. ಈಗ ನನಗೆ ಕೊಟ್ಟಿದಾಳೆ."

ಅವರು ಬ್ರೆಡ್ಡನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಚೆನ್ನಾಗಿದಾಳಾ... ಅಮ್ಮ?"

ಬಹಳ ದಿನದಿಂದ ಪರಿಚಯವಿದ್ದವರು ಕೇಳುವ ಹಾಗೆ ಕೇಳಿದರು. ಬೆನೆದಿತಾ ಹೌದು ಎಂದು ತಲೆಯಾಡಿಸುವಷ್ಟರಲ್ಲಿ ತಿರುಗಿ ಹೊರಟೇಬಿಟ್ಟರು. ನುಣುಪು ಕಲ್ಲಿನ ಮೇಲೆ ಒಮ್ಮೆ ಕಾಲು ಜಾರಿತು, ಗೋಡೆ ಹಿಡಿದು ಸುಧಾರಿಸಿಕೊಂಡರು. ಹಿಂದಿರುಗಿ ನೋಡಲಿಲ್ಲ.

"ಯಾರೇ ಅದು? ಬೆಳಬೆಳಗ್ಗೆ ಮುದುಕರ ಮನಸ್ಸು ಕದೀತಿದೀಯಾ?" ಇರಿಯಾ ಒಂದೇ ಕಾಲುಚೀಲದಲ್ಲಿ ಕುಂಟುತ್ತಾ ಬಂದಳು.

"ನನ್ನನ್ನ ನೋಡ್ಲೇ ಇಲ್ಲ ಕಣೇ. ಇದನ್ನ ನೋಡ್ತಿದ್ರು."

ಇರಿಯಾ ಕಾಪಾದ ಬೆನ್ನನ್ನು ನೋಡಿದಳು. ಅವಳ ತುಂಟತನ ಒಂದು ಕ್ಷಣ ತಗ್ಗಿತು. "ಹೂಂ... ನಡುವಿಂದು," ಅಂದಳು.

ಕಾಪಾದ ಅಂಚಿನಲ್ಲಿ ಹರುಕುಗಳಿರುತ್ತವೆ. ಎಡಗಡೆಯವು ಮನೆಯವರು ಹರಿದದ್ದು, ಬಲಗಡೆಯವು ಸ್ನೇಹಿತರು. ಕೈಯಲ್ಲೇ ಹರಿಯಬೇಕು, ಬೇಕಾದರೆ ಹಲ್ಲಿನಲ್ಲಿ ಕಚ್ಚಿ. ಕತ್ತರಿ ಮುಟ್ಟಿಸಬಾರದು. ನಡುಬೆನ್ನಿನ ನೇರಕ್ಕೆ ಬರುವ ಉದ್ದನೆಯ ಹರುಕು ಒಬ್ಬರಿಗೆ ಮಾತ್ರ... ಪ್ರೀತಿಸಿದವರಿಗೆ. ಪ್ರೀತಿ ಮುಗಿದರೆ ಅದನ್ನು ಹೊಲಿದುಬಿಡಬೇಕು. ಜಗಳ ಬೇಡ, ಕಾಗದ ಬೇಡ. ನೋಡಬೇಕಾದವರು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ.

ಅಮ್ಮನ ಕಾಪಾದ ನಡುವಿನ ಹರುಕು ಸೊಟ್ಟಗೆ ಎಡಕ್ಕೆ ವಾಲಿತ್ತು. ಅದರ ಮೇಲೆ ಗಾಢ ನೀಲಿ ದಾರದ ಹೊಲಿಗೆ. ಅಮ್ಮ ಓದಿದ ಸಾಹಿತ್ಯ ವಿಭಾಗದ ಬಣ್ಣ ಅದು. ಮಕ್ಕಳ ಹಲ್ಲಿನ ಹಾಗೆ ಒಂದು ದೊಡ್ಡದು, ಒಂದು ಚಿಕ್ಕದು. ಅಮ್ಮ ನೊಯೆಮಿಯಾಗೆ ಸೂಜಿ ಹಿಡಿಯಲು ಬರುವುದಿಲ್ಲ. ಮನೆಯಲ್ಲಿ ಗುಂಡಿ ಹೊಲಿಯುತ್ತಿದ್ದದ್ದು ಅಪ್ಪ.

ಅಪ್ಪ ಅವೈರೊ ಊರಿನ ರೈಲ್ವೆ ಕಾರ್ಖಾನೆಯಲ್ಲಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಐದು ವರ್ಷದ ಹಿಂದೆ ತೀರಿಕೊಂಡರು. ಹಾಗಾದರೆ ಇದನ್ನು ಹರಿದವರು ಯಾರು?

ಏಳು ವರ್ಷದವಳಿದ್ದಾಗ ಬೆನೆದಿತಾ ಬೀರುವಿನೊಳಗೆ ನಿಂತು ಆ ಹೊಲಿಗೆಯ ಮೇಲೆ ಬೆರಳಾಡಿಸಿ ಅಮ್ಮನ ಕಡೆ ನೋಡಿದ್ದಳು. ಅಮ್ಮನ ಮುಖ ಅಂಗಡಿಯ ಬಾಗಿಲೆಳೆದ ಹಾಗೆ ಮುಚ್ಚಿಕೊಂಡಿತ್ತು. "ಊಟಕ್ಕೆ ಬಾ," ಅಂದಿದ್ದಳು, ಅಷ್ಟೆ. ಅವತ್ತಿನಿಂದ ಆ ಪ್ರಶ್ನೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿದಿತ್ತು. ಅವರ ಮನೆಯಲ್ಲಿ ಕೇಳುವ ರೂಢಿಯೇ ಇಲ್ಲ.

ಅವೈರೊದಿಂದ ಕೊಯಿಂಬ್ರಾಗೆ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. ಆದರೂ ಇಲ್ಲಿ ಓದು ಮುಗಿಸಿ ಹೋದ ಮೇಲೆ ಅಮ್ಮ ಒಮ್ಮೆಯೂ ಇತ್ತ ಬಂದವಳಲ್ಲ. "ಅಲ್ಲಿ ಬರೀ ಮೆಟ್ಟಿಲು, ಮೊಣಕಾಲು ನೋಯುತ್ತೆ," ಅನ್ನುವಳು. ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇಪ್ಪತ್ತು ವರ್ಷದಿಂದ ಇರುವವಳು.

ಪೋರ್ಟೊದಲ್ಲಿ ನರ್ಸಿಂಗ್ ಓದುವ ನಾಲ್ವರು ಹುಡುಗಿಯರ ವಾರಾಂತ್ಯದ ಪ್ರವಾಸ ಅದು. ಶನಿವಾರ ಹೊಳೆಯಲ್ಲಿ ದೋಣಿ ನಡೆಸುವುದು, ಭಾನುವಾರ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಕಾಪಾ ಹೊದ್ದು ಫೋಟೋ.

"ನಿಜವಾಗ್ಲೂ ಬರಲ್ವಾ?" ಇರಿಯಾ ಕೇಳಿದಳು.

"ಈಜು ಬರಲ್ಲ ಕಣೇ ನನಗೆ."

"ಜಾಕೆಟ್ ಕೊಡ್ತಾರೆ. ನೀನಾಗೇ ಮುಳುಗೋಕೆ ಆಗಲ್ಲ, ನಾನು ಕಷ್ಟಪಟ್ಟು ಮುಳುಗಿಸ್ಬೇಕು."

"ಇವತ್ತು ನನ್ನನ್ನ ಬಿಡು. ಸುಮ್ನೆ ಊರು ಸುತ್ತಬೇಕು."

ಇರಿಯಾ ಅವಳ ಮುಖ ನೋಡಿದಳು. ಮತ್ತೆ ಒತ್ತಾಯಿಸಲಿಲ್ಲ.

* * *

ಒಬ್ಬಳೇ ನಡೆಯುವಾಗ ಊರು ಬೇರೆಯೇ ಆಗುತ್ತದೆ.

ಹಳೆಯ ಚರ್ಚಿನ ಮುಂದೆ ಕುಳಿತಳು. ಬೆನ್ನುಮುರುಕ ಮೆಟ್ಟಿಲು ಎಂದು ಊರವರು ಕರೆಯುವ ದಾರಿಯಲ್ಲಿ ಇಳಿದಳು, ಮತ್ತೆ ಹತ್ತಿದಳು. ಅಂಗಡಿಯೊಂದರ ಕಟ್ಟೆಯ ಬಳಿ ನಿಂತೇ ಒಂದು ಕಾಫಿ ಕುಡಿದಳು. ತಲೆಯ ಮೇಲೆ ಯಾರದೋ ಮನೆಯ ಹಾಸಿಗೆ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಮ್ಮನಿಗೂ ಇಪ್ಪತ್ತು ವರ್ಷವಾಗಿತ್ತು ಒಂದು ಕಾಲಕ್ಕೆ. ಈ ಮೆಟ್ಟಿಲುಗಳನ್ನು ಓಡಿ ಹತ್ತಿದ್ದಳು. ಯಾರ ಜೊತೆ?

ಕಾಲು ತಾನಾಗಿ ಬೇಕರಿಯ ಮುಂದೆ ನಿಂತಿತು. ಕೌಂಟರಿನ ಹಿಂದೆ ಹಿಟ್ಟು ಮೆತ್ತಿದ ತೋಳಿನ ಹೆಂಗಸು.

"ಬೆಳಗ್ಗೆ ಒಬ್ರು ಜೋಳದ ಬ್ರೆಡ್ಡು ತಗೊಂಡ್ರಲ್ಲ, ಗಡ್ಡ ಇರೋರು..."

"ಗಡ್ಡ ಇರೋರು ಇಪ್ಪತ್ತು ಜನ ಬರ್ತಾರೆ ಮಗಳೇ."

"ಬ್ರೆಡ್ಡಿನ ಮೂಲೆ ಮುರಿದಿತ್ತು."

"ಓ, ತೊಮೆ!" ಹೆಂಗಸು ನಕ್ಕಳು. "ಬೀಜದ ತೊಮೆ. ಬಾಗಿಲು ದಾಟೋಷ್ಟರಲ್ಲಿ ಒಂದು ಮೂಲೆ ಹೊಟ್ಟೆಗೆ. ಅವನ ಮನೇಲಿ ಇಡೀ ಬ್ರೆಡ್ಡು ನೋಡಿದವರಿಲ್ಲ. ಸಸ್ಯತೋಟದ ಹಿಂದೆ ಬೀಜದ ಕೋಣೆ ಇದೆ, ಅಲ್ಲಿರ್ತಾನೆ. ಯಾಕೆ, ದುಡ್ಡು ಗಿಡ್ಡು ಕೊಡ್ಬೇಕಾ?"

"ಇಲ್ಲ. ಅಮ್ಮನ ಪರಿಚಯದವರು," ಅಂದಳು ಬೆನೆದಿತಾ. ಹೇಳಿದ ಮೇಲೆ ಅದು ನಿಜ ಅನ್ನಿಸಿತು.

* * *

ಬೀಜದ ಕೋಣೆಯಲ್ಲಿ ಉದ್ದುದ್ದ ಮೇಜುಗಳು. ಅವುಗಳ ಮೇಲೆ ಹಳೇ ಪತ್ರಿಕೆ ಹಾಸಿ ಬೀಜ ಒಣಗಲು ಹರಡಿದ್ದರು. ತೊಮೆ ಅಂಗೈಯಲ್ಲಿ ಬೀಜ ತಿರುವಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಬರ್ತೀಯ ಅಂದ್ಕೊಂಡಿದ್ದೆ. ಬರದೇ ಇದ್ರೆ ಒಳ್ಳೇದು ಅಂತಾನೂ ಅಂದ್ಕೊಂಡಿದ್ದೆ."

ಬೆನೆದಿತಾಳಿಗೆ ಏನು ಕೇಳಬೇಕೆಂದು ಗೊತ್ತಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಇದ್ಯಾವ ಬೀಜ?"

"ಅಗಸೆ." ಅವರು ಸಣ್ಣಗೆ ನಕ್ಕರು. "ನೀನೂ ಅವಳ ಹಾಗೇ. ಕೇಳಬೇಕಾದ್ದು ಬಿಟ್ಟು ಬೇರೆ ಎಲ್ಲಾ ಕೇಳ್ತೀಯ."

ಇನ್ನೊಂದು ಹಿಡಿ ಬೀಜ ತಿರುವಿ ಹಾಕಿದರು.

"ಹದಿನೇಳು," ಅಂದರು.

"ಏನು?"

"ಹೊಲಿಗೆ. ಹದಿನೇಳಿವೆ. ಬೇಕಾದ್ರೆ ಎಣಿಸ್ಕೋ."

ಎಣಿಸಬೇಕಾಗಿರಲಿಲ್ಲ. ಬೀರುವಿನೊಳಗೆ ನಿಂತು ಅವಳು ಅದೆಷ್ಟೋ ಸಲ ಎಣಿಸಿದ್ದಳು.

ತೊಮೆ ಎದ್ದು ಗೋಡೆಯ ಮೂಲೆಯ ಪೆಟ್ಟಿಗೆಯಿಂದ ಇನ್ನೊಂದು ಕಾಪಾ ತೆಗೆದರು. ಮೇಜಿನ ಖಾಲಿ ಜಾಗದಲ್ಲಿ ಬೆನ್ನು ಮೇಲಾಗಿ ಹರಡಿದರು.

"ಹರುಕು ಎಲ್ಲಿದೆ, ಹೇಳು ನೋಡೋಣ."

ಅವಳು ಹುಡುಕಿದಳು. ಎಲ್ಲೂ ಕಾಣಲಿಲ್ಲ. ತೊಮೆ ಅವಳ ಬೆರಳು ಹಿಡಿದು ನಡುವಿಗೆ ಇಟ್ಟರು. ಆಗ ಗೊತ್ತಾಯಿತು... ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ, ಇರುವೆ ಸಾಲಿನಷ್ಟು ಸಣ್ಣ, ಒಂದೇ ಅಳತೆಯ ಹೊಲಿಗೆ.

"ನಿಮ್ಮಮ್ಮ ಹರಿದಿದ್ದು. ಹಲ್ಲಲ್ಲಿ ಕಚ್ಚಿ," ಅಂದರು. "ಎಲ್ಲರೂ ಕೊನೇ ವರ್ಷ ಹರೀತಾರೆ. ನಮಗೆ ಅಲ್ಲಿ ತನಕ ಕಾಯೋಕಾಗ್ಲಿಲ್ಲ. ನನ್ನ ಕಾಪಾದಲ್ಲಿ ಇದ್ದಿದ್ದು ಅದೊಂದೇ."

"ಮತ್ತೆ... ನೀವೇ ಹೊಲಿದ್ರಾ?"

"ನಾನಲ್ಲ ಮಗು. ನಮ್ಮವ್ವ."

ಬೆನೆದಿತಾ ಆ ಸಣ್ಣ ಹೊಲಿಗೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು.

"ಅವ್ವ ಬೆಟ್ಟದ ಹಳ್ಳಿಯವಳು. ಊರವರ ಬಟ್ಟೆ ಹೊಲಿದು ನನ್ನನ್ನ ಓದಿಸಿದ್ಲು. ಈಸ್ಟರ್ ರಜೆಗೆ ಹೋಗಿದ್ದೆ, ಕಾಪಾ ಬಾಗಿಲ ಹಿಂದೆ ನೇತಾಕಿದ್ದೆ. ಅವಳಿಗೆ ಈ ಪದ್ಧತಿ ಎಲ್ಲಿಂದ ಗೊತ್ತಾಗ್ಬೇಕು? ದರ್ಜಿ ಮಗ ಹರಕು ಬಟ್ಟೆ ಹಾಕ್ಕೊಂಡು ಓಡಾಡ್ತಾನೆ ಅಂತ ಜನ ಆಡ್ಕೊಳ್ತಾರೆ ಅನ್ನಿಸ್ತು. ಕೂತು ಹೊಲಿದಿಟ್ಲು. ಹೇಳ್ಲೂ ಇಲ್ಲ. ಮಗನಿಗೆ ಇದೆಲ್ಲ ಏನು ಹೇಳೋದು ಅಂತ."

"ನಿಮಗೆ ಕಾಣಲಿಲ್ವಾ?"

"ನಮ್ಮ ಬೆನ್ನು ನಮಗೆ ಕಾಣುತ್ತಾ?"

ಆಮೇಲೆ ನಿಧಾನವಾಗಿ ಹೇಳಿದರು. ನೊಯೆಮಿಯಾಗೆ ಒಂದು ಅಭ್ಯಾಸವಿತ್ತು. ಜೊತೆಯಲ್ಲಿ ನಡೆಯುವಾಗ ಹಿಂದಿನಿಂದ ಆ ಹರುಕಿನೊಳಗೆ ಬೆರಳು ತೂರಿಸಿ ಹಿಡಿದುಕೊಳ್ಳುವಳು, ಸಂತೆಯಲ್ಲಿ ಮಗು ಅಮ್ಮನ ಸೆರಗು ಹಿಡಿದ ಹಾಗೆ. ರಜೆ ಮುಗಿಸಿ ಬಂದ ದಿನ ಬೆನ್ನುಮುರುಕ ಮೆಟ್ಟಿಲಿನ ಮೇಲೆ ಅವಳ ಬೆರಳು ಬೆನ್ನಿಗೆ ತಾಗಿತ್ತು. ತಾಗಿ, ಹರುಕು ಸಿಗದೆ ಅಲ್ಲೇ ನಿಂತು, ಹಿಂದೆ ಹೋಗಿತ್ತು. 'ಕ್ಲಾಸಿದೆ' ಎಂದು ಹೋದವಳು ಆಮೇಲೆ ಸಿಗಲೇ ಇಲ್ಲ. ಹತ್ತು ದಿನ ಕಳೆದು ವಿದ್ಯಾರ್ಥಿಗಳ ಮೆರವಣಿಗೆ. ಹಾಡುವವರ, ಕುಣಿಯುವವರ ನಡುವೆ ಅವಳು ಮುಂದೆ, ಇವರು ಹಿಂದೆ. ಅವಳ ಬೆನ್ನ ಮೇಲೆ ನೀಲಿ ದಾರ.

"ಎರಡು ಗಂಟೆ ಅದನ್ನೇ ನೋಡ್ಕೊಂಡು ನಡೆದೆ. ಹದಿನೇಳು ಅಂತ ಅವತ್ತೇ ಗೊತ್ತಾಗಿದ್ದು."

"ಯಾಕೆ ಅಂತ ಕೇಳ್ಲಿಲ್ವಾ ನೀವು?"

"ಕೈ ಚಾಚಿದ್ರೆ ಸಿಗೋಷ್ಟು ಹತ್ತಿರ ಇದ್ಲು," ಅಂದರು ತೊಮೆ. "ಕೇಳ್ಲಿಲ್ಲ. ಅವಳೇ ಹೊಲಿದ ಮೇಲೆ ನಾನೇನು ಕೇಳೋದು ಅಂತ... ಇಪ್ಪತ್ತೆರಡರ ವಯಸ್ಸಿನ ಗರ್ವ."

ಏಳು ವರ್ಷದ ನಂತರ ಅವರ ತಾಯಿ ಕಾಯಿಲೆ ಬಿದ್ದಾಗ, ಮಗನ ಹಳೇ ಕಾಪಾವನ್ನು ಹೊದ್ದುಕೊಂಡು ಮಲಗಿ ಹೆಮ್ಮೆಯಿಂದ ಹೇಳಿದ್ದರಂತೆ: 'ಇಲ್ಲೊಂದು ದೊಡ್ಡ ಹರುಕಿತ್ತು ಕಣೋ. ಎಲ್ಲಿ ಹೊಲಿದೆ ಅಂತ ಯಾವನೂ ಕಂಡುಹಿಡಿಯಲಿಲ್ಲ.'

"ನೀವೇನಂದ್ರಿ?"

"ಚೆನ್ನಾಗಿ ಹೊಲಿದಿದೀಯವ್ವ ಅಂದೆ. ಇನ್ನೇನು ಹೇಳ್ಲಿ?"

ಆ ಮುಂದಿನ ಶನಿವಾರ, ನಡೆದದ್ದನ್ನು ನೊಯೆಮಿಯಾಗೆ ಹೇಳಲೆಂದೇ, ಅವರು ಅವೈರೊಗೆ ಹೋಗಿದ್ದರು. ಕಾಲುವೆಯ ದಂಡೆಯಲ್ಲಿ ನೊಯೆಮಿಯಾ ಕಂಡಳು. ಸೊಂಟದ ಮೇಲೆ ಎರಡು ವರ್ಷದ ಮಗು. ಗಂಡ ಬಗ್ಗಿ ಮಗುವಿನ ಬೂಟಿನ ದಾರ ಕಟ್ಟುತ್ತಿದ್ದ. ಮಗು ಅವನ ಟೋಪಿ ಕಿತ್ತು ಎಸೆಯಿತು. ನೊಯೆಮಿಯಾ ನಗುತ್ತಿದ್ದಳು.

"ಮುಂದಿನ ರೈಲಿಗೆ ವಾಪಸ್ ಬಂದೆ."

"ಆ ಮಗು ನಾನು."

"ಗೊತ್ತು. ಮದುವೆ ಆಗ್ಲಿಲ್ಲ ನಾನು. ಶಪಥ ಗಿಪಥ ಏನಲ್ಲ, ಆಗ್ಲಿಲ್ಲ ಅಷ್ಟೆ." ಅವರು ತಮ್ಮ ಕಾಪಾವನ್ನು ಮಡಚತೊಡಗಿದರು. "ಅಮ್ಮನಿಗೆ ಇದನ್ನ ಹೇಳ್ಬೇಡ ಮಗು. ಅವಳು ತನ್ನನ್ನ ತಾನೇ ಬೈಕೊಳ್ತಾಳೆ. ಹೋದ ಕಾಲ ಹೋಯ್ತು. ಹೇಳಲ್ಲ ಅನ್ನು."

"ಹೇಳಲ್ಲ," ಅಂದಳು ಬೆನೆದಿತಾ.

* * *

ಸಂಜೆ ಹೊಳೆದಂಡೆಯಲ್ಲಿ ಕುಳಿತಾಗ ಆ ಮಾತು ಎದೆಯ ಮೇಲೆ ಕಲ್ಲಾಯಿತು.

ಅಪ್ಪ ನೆನಪಾದರು. ಬೂಟಿನ ದಾರಕ್ಕೆ ಎರಡು ಗಂಟು ಹಾಕುತ್ತಿದ್ದ ಅಪ್ಪ. ಅಮ್ಮ ಅವರ ಜೊತೆ ನಕ್ಕಿದ್ದು ಸುಳ್ಳಲ್ಲ. ಆ ಇಬ್ಬರು ಹೆಂಗಸರ ಹೊಲಿಗೆ ಬೀಳದಿದ್ದರೆ ಅಪ್ಪ ಇಲ್ಲ, ತಾನೂ ಇಲ್ಲ. ಹಾಗಿರುವಾಗ ಅದು ತಪ್ಪಾಯಿತು ಅಂತ ತಾನು ಹೇಗೆ ಅಳಲಿ? ಆದರೂ ಅಳು ಬಂತು. ಒಂದು ಮಾತು ಕೇಳದೆ ಇಬ್ಬರು ಇಪ್ಪತ್ತನಾಲ್ಕು ವರ್ಷ ಕಳೆದರಲ್ಲ...

ಐದು ವರ್ಷದಿಂದ ಅಮ್ಮ ಭಾನುವಾರಗಳಲ್ಲಿ ಒಬ್ಬಳೇ ಊಟಕ್ಕೆ ಕೂರುವುದೂ ನೆನಪಾಯಿತು. ಫೋನ್ ಮಾಡಿದಳು.

"ಊಟ ಆಯ್ತಾ? ದನಿ ಯಾಕೆ ಹಾಗಿದೆ? ಜ್ವರ ಬಂತಾ?"

"ಇಲ್ಲಮ್ಮ. ನಾಳೆ ಬರ್ತೀಯಾ ಇಲ್ಲಿಗೆ? ಮೆಟ್ಟಿಲ ಮೇಲೆ ಫೋಟೋ ತೆಗೀತೀವಿ. ನಿನ್ನ ಕಾಪಾ ಅಲ್ವಾ, ನೀನೂ ಇರ್ಬೇಕು."

ಆ ಕಡೆ ನಲ್ಲಿಯ ನೀರು ಸುರಿಯುವುದು ಕೇಳಿಸಿತು. ಆಮೇಲೆ, "ಅಲ್ಲಿ ಬರೀ ಮೆಟ್ಟಿಲು ಕಣೇ..."

"ನಮ್ಮನೆ ನಾಲ್ಕನೇ ಮಹಡೀಲಿದೆ ಅಮ್ಮ."

ನಲ್ಲಿ ನಿಲ್ಲಿಸಿದ ಸದ್ದು.

"ಹತ್ತು ಗಂಟೆ ರೈಲಿಗೆ ಬರ್ತೀನಿ."

* * *

ಫೋಟೋ ತೆಗೆದಾಯಿತು. ಇರಿಯಾ ನೊಯೆಮಿಯಾಳನ್ನೂ ನಡುವೆ ಎಳೆದು ನಿಲ್ಲಿಸಿ, "ಆಂಟಿ, ನೀವು ನಮಗಿಂತ ಚಿಕ್ಕವರ ಹಾಗೆ ಕಾಣ್ತೀರ, ಸ್ವಲ್ಪ ಹಿಂದೆ ಸರೀರಿ," ಎಂದು ನಗಿಸಿದಳು. ಆಮೇಲೆ ಉಳಿದಿಬ್ಬರನ್ನೂ ಎಳೆದುಕೊಂಡು ಊಟಕ್ಕೆ ಹೋದಳು.

ತಾಯಿ ಮಗಳು ಇಬ್ಬರೇ ನಡೆದರು. ಅಮ್ಮ ಯಾರನ್ನೂ ದಾರಿ ಕೇಳಲಿಲ್ಲ. ಕಾಲುಗಳಿಗೇ ಗೊತ್ತಿತ್ತು. ಸಸ್ಯತೋಟದ ಕಬ್ಬಿಣದ ಗೇಟು ಕಂಡಾಗ ಮಾತ್ರ ನಡಿಗೆ ನಿಧಾನವಾಯಿತು.

"ಈ ಕಡೆ ಬೇಡ," ಅಂದಳು.

ಆದರೆ ಆ ಹೊತ್ತಿಗೆ ಗೇಟಿನ ಪಕ್ಕದ ಕಲ್ಲುಕಟ್ಟೆಯಿಂದ ಒಬ್ಬರು ಎದ್ದು ನಿಂತಿದ್ದರು. ಭಾನುವಾರವೂ ಬೀಜ ತಿರುವಿ ಹಾಕಲು ಬಂದವರು. ಕಂಕುಳಲ್ಲಿ ಬ್ರೆಡ್ಡು.

ಇಬ್ಬರೂ ನಿಂತಲ್ಲೇ ನಿಂತರು. ತೊಮೆ ಒಮ್ಮೆ ಬೆನೆದಿತಾಳನ್ನು ನೋಡಿದರು. ಅವಳು ಇಲ್ಲ ಎಂದು ತಲೆಯಾಡಿಸಿದಳು. ಹೇಳಿಲ್ಲ.

"ನೊಯೆಮಿಯಾ. ಚೆನ್ನಾಗಿದೀರಾ?"

"ಇದೀನಿ. ನೀವು?"

"ಹೀಗೇ... ನಡೀತಿದೆ."

ಒಂದು ಎಲೆ ಉದುರಿತು. ಮೂವರೂ ಅದನ್ನೇ ನೋಡಿದರು.

"ಇನ್ನೂ ಮೂಲೆ ಮುರ್ಕೊಂಡೇ ತರ್ತೀರಾ?" ಅಮ್ಮ ಬ್ರೆಡ್ಡಿನ ಕಡೆ ನೋಡಿ ಕೇಳಿದಳು.

"ಮನೆ ತಲುಪೋ ತನಕ ಕಾಯೋಕಾಗಲ್ಲ."

"ಯಾವತ್ತು ಆಗಿತ್ತು ನಿನಗೆ?"

'ನಿನಗೆ' ಎಂದವಳೇ ನೊಯೆಮಿಯಾ ಮುಖ ತಿರುಗಿಸಿದಳು. ಕಿವಿ ಕೆಂಪಾಗಿತ್ತು. ತೊಮೆ ಬ್ರೆಡ್ಡಿನ ಇನ್ನೊಂದು ಮೂಲೆ ಮುರಿದು ಅವಳ ಮುಂದೆ ಹಿಡಿದರು. ಅವಳು ತೆಗೆದುಕೊಂಡಳು. ತಿನ್ನಲಿಲ್ಲ, ಮುಷ್ಟಿಯಲ್ಲಿ ಇಟ್ಟುಕೊಂಡಳು.

"ನಿಮ್ಮ ತಾಯಿ?"

"ಹೋದ್ಲು. ತುಂಬಾ ವರ್ಷ ಆಯ್ತು."

"ಅಯ್ಯೋ... ಅವರು ಕಳಿಸಿದ ಜೇನು ಇನ್ನೂ ನಾಲಿಗೆ ಮೇಲಿದೆ."

"ಆ ಹುಡುಗೀನ ಒಂದ್ಸಲ ಕರ್ಕೊಂಡು ಬಾರೋ ಅಂತಿದ್ಲು. ಕೊನೇ ತನಕ."

ಅಮ್ಮನ ಮುಷ್ಟಿ ಬ್ರೆಡ್ಡಿನ ಚೂರಿನ ಮೇಲೆ ಬಿಗಿಯಾದದ್ದನ್ನು ಬೆನೆದಿತಾ ಕಂಡಳು. ಈಗ ಕೇಳುತ್ತಾಳೆ ಅಂದುಕೊಂಡಳು. ಈಗ ಇವರು ಹೇಳುತ್ತಾರೆ ಅಂದುಕೊಂಡಳು...

"ನಾಲ್ಕು ಗಂಟೆಗೆ ರೈಲಿದೆ," ಅಂದಳು ಅಮ್ಮ.

"ಹೌದಾ. ಹುಷಾರಾಗಿ ಹೋಗಿ. ಮೆಟ್ಟಿಲು ಜಾರುತ್ತೆ."

ಅಷ್ಟೇ. ತೊಮೆ ಗೇಟಿನ ಕಡೆ ತಿರುಗಿದರು. ಅಮ್ಮ ಕೈಚೀಲವನ್ನು ಹೆಗಲಿಗೇರಿಸಿದಳು. ಆಗ ಬೆನೆದಿತಾಳಿಗೆ ಆ ಹಳೆಯ ದಿನ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅವತ್ತೂ ಹೀಗೇ ಆಗಿರಬೇಕು. ಯಾರೂ ಕೂಗಾಡಿರಲಿಲ್ಲ, ಯಾರೂ ಬಾಗಿಲು ಬಡಿದು ಹೋಗಿರಲಿಲ್ಲ. ಇಬ್ಬರೂ ಮರ್ಯಾದೆಯಿಂದ, ಇನ್ನೊಬ್ಬರು ಮೊದಲು ಕೇಳಲಿ ಎಂದು ಕಾಯುತ್ತಾ, ಬೇರೆ ಬೇರೆ ದಿಕ್ಕಿಗೆ ನಡೆದುಬಿಟ್ಟಿದ್ದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಕೇಳುವುದಿಲ್ಲ ಎಂದು ಕೊಟ್ಟಿರಲಿಲ್ಲ.

ಹೆಗಲಿನಿಂದ ಕಾಪಾ ತೆಗೆದಳು. ಅದನ್ನು ಕಲ್ಲುಕಟ್ಟೆಯ ಮೇಲೆ, ಅವರಿಬ್ಬರ ನಡುವೆ, ಬೆನ್ನು ಮೇಲಾಗಿ ಹರಡಿದಳು. ಗೇಟಿನ ಮೇಲಿದ್ದ ತೊಮೆಯ ಕೈ ಹಾಗೇ ನಿಂತಿತು. ಬೆನೆದಿತಾ ಏಳು ವರ್ಷದವಳಾಗಿದ್ದಾಗ ಇಟ್ಟಲ್ಲೇ, ಸೊಟ್ಟ ನೀಲಿ ಹೊಲಿಗೆಯ ಮೇಲೆ ಬೆರಳಿಟ್ಟಳು. ಅಮ್ಮನ ಮುಖ ಮುಚ್ಚಿಕೊಳ್ಳತೊಡಗಿತು. ಈ ಸಲ ಅವಳು ಕಣ್ಣು ತಗ್ಗಿಸಲಿಲ್ಲ.

"ಅಮ್ಮಾ," ಅಂದಳು. "ಇದನ್ನ ಯಾಕೆ ಹೊಲಿದೆ?"